ಲೇಬಲ್ಲು ಕಿತ್ತ ರೆಕಾರ್ಡುಗಳು

ನಮ್ಮ ಅಡುಗೆಮನೆಗೆ ಹೊಸಬರು ಯಾರಾದರೂ ಕಾಲಿಟ್ಟರೆ ಅವರಿಂದ ಒಂದು ಲೋಟ ಚಹಾ ಮಾಡಲಿಕ್ಕೂ ಆಗುವುದಿಲ್ಲ. ಸಕ್ಕರೆ ಯಾವುದು, ರವೆ ಯಾವುದು, ಉಪ್ಪು ಯಾವುದು ಎಂದು ಬಾಟಲಿ ನೋಡಿ ಹೇಳುವಂತಿಲ್ಲ. ಎಲ್ಲ ಬಾಟಲಿಗಳೂ ಬೋಳು. ಉಪ್ಪಿನಕಾಯಿಯದ್ದಿರಲಿ, ಜೇನಿನದ್ದಿರಲಿ, ಖಾಲಿಯಾದ ಗಾಜಿನ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟು, ಮೆತ್ತಗಾದ ಲೇಬಲ್ಲನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೆಗೆಯುವುದು ನನ್ನ ಚಟ. ಕೆಲವರಿಗೆ ಉಗುರು ಕಚ್ಚುವ ಚಟ ಇರುವುದಿಲ್ಲವೇ, ಹಾಗೆ. ತೆಗೆದ ಮೇಲೆ ಬೇರೆ ಚೀಟಿ ಅಂಟಿಸಬೇಕು ಅಂತ ನನಗೆ ಯಾವತ್ತೂ ಅನ್ನಿಸುವುದಿಲ್ಲ. ಬೋಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಏನೋ ಒಂದು ಸಮಾಧಾನ.

ನಮ್ಮವರಿಗೆ ಈ ಸಮಾಧಾನ ಅರ್ಥವಾಗುವುದಿಲ್ಲ. ಅವರು ವಿಜಯಪುರದ ಕಡೆಯವರು, ಇಲ್ಲಿ ಮಸ್ಕತ್ತಿನ ವಾದಿ ಕಬೀರಿನ ಒಂದು ವರ್ಕ್‌ಶಾಪಿನಲ್ಲಿ ಇಂಜಿನಿಯರ್. ನಾಲ್ಕು ಬೋಲ್ಟು ಇಡುವ ಡಬ್ಬಿಗೂ ಹೆಸರು ಬರೆದಿಡುವ ಜನ. ಒಮ್ಮೆ ನಾನು ಮನೆಯಲ್ಲಿಲ್ಲದಾಗ ಮಜ್ಜಿಗೆಗೆ ಉಪ್ಪೆಂದು ವಾಷಿಂಗ್ ಸೋಡಾ ಹಾಕಿಕೊಂಡು ಕುಡಿಯಲು ಹೋದರು.

"ಏನಿದು, ಮಜ್ಜಿಗಿ ನೊರಿ ಬರಾಕತ್ತೈತಿ," ಎಂದು ಫೋನು ಮಾಡಿದರು. "ಒಂದರೆ ಚೀಟಿ ಹಚ್ಚಬಾರದೇನು? ನಿಮ್ಮ ಮಾಮನ ರೆಕಾರ್ಡ ಪೆಟ್ಟಿಗಿ ಮಾಡಿ ಇಟ್ಟೀಯಲ್ಲ ಅಡಗಿಮನಿ."

ಅವರು ಹೇಳಿದ್ದು ಸರಿ. ಈ ಚಟ ನನಗೆ ಅಂಟಿದ್ದು ಜಯಕರ ಮಾಮನಿಂದಲೇ. ನನ್ನ ಅಮ್ಮನ ತಮ್ಮ. ಮಸ್ಕತ್ತಿನ ಮೊದಲ ಡಿಜೆ ತಾನೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅವರಿಗಿಂತ ಮೊದಲು ಯಾರಿದ್ದರೆಂದು ನಮಗೆ ಯಾರಿಗೂ ಗೊತ್ತಿಲ್ಲದ ಕಾರಣ ನಾವು ಒಪ್ಪಿಕೊಂಡಿದ್ದೆವು.

ಈಗ ಡಿಜೆ ಎಂದರೆ ಮದುವೆ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೆಟ್ಟಿಗೆ ಪೇರಿಸಿಕೊಂಡು ಊರಿನ ಕಿವಿ ಹರಿಯುವವನು ಎಂದು ಮಕ್ಕಳಿಗೂ ಗೊತ್ತು. ಆಗ ಆ ಹೆಸರೇ ನಮ್ಮ ಕಡೆ ಇರಲಿಲ್ಲ. ಮಾಮ ಬೊಂಬಾಯಿಯಲ್ಲಿ ನೆಂಟರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರು. ಸಂಜೆ ಹೊತ್ತು ಪಕ್ಕದ ಡ್ಯಾನ್ಸ್ ರೆಸ್ಟೋರೆಂಟಿಗೆ ಹೋಗಿ ರೆಕಾರ್ಡು ಬದಲಿಸಲು ಕಲಿತರು. ಅಲ್ಲಿಗೆ ಬರುತ್ತಿದ್ದ ಮ್ಯಾನೇಜರೊಬ್ಬ ಮಸ್ಕತ್ತಿನ ಸಮುದ್ರದ ಬದಿಯ ದೊಡ್ಡ ಹೋಟೆಲಿಗೆ ಅವರನ್ನು ಕರೆತಂದ. ಡಿಸ್ಕೋದ ಕಾಲ. ಎರಡು ತಟ್ಟೆಗಳ ಮೇಲೆ ಎರಡು ರೆಕಾರ್ಡು ತಿರುಗಿಸಿ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಬೆನ್ನಿಗೆ ಹತ್ತಿಸಿ, ಕುಣಿಯುವವರ ಕಾಲು ಒಂದು ಹೆಜ್ಜೆಯೂ ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ. ಊರಿನಲ್ಲಿ ಅಜ್ಜಿಗೆ ಇದನ್ನು ಹೇಗೆ ವಿವರಿಸುವುದು? "ಮ್ಯೂಸಿಕ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದೇನೆ" ಎಂದು ಬರೆದರು. ಅಜ್ಜಿ ಊರೆಲ್ಲ ನನ್ನ ಮಗ ಮಸ್ಕತ್ತಿನಲ್ಲಿ ಸಂಗೀತ ಮೇಷ್ಟ್ರು ಎಂದು ಹೇಳಿಕೊಂಡು ಬಂದರು.

ಅದರ ಫಲ ಮಾಮನಿಗೆ ಸಿಕ್ಕಿದ್ದು ಹೆಣ್ಣು ನೋಡಲು ಹೋದಾಗ. ಸುಲೋಚನ ಮಾಮಿಯ ತಂದೆ ಬಹಳ ಭಕ್ತಿಯಿಂದ ಹಾರ್ಮೋನಿಯಂ ತಂದು ಮುಂದಿಟ್ಟು, "ಒಂದು ದೇವರನಾಮ ಆಗ್ಲಿ" ಎಂದರಂತೆ. ಹೆಣ್ಣು ಹಾಡಬೇಕಾದ ಕಡೆ ಗಂಡು ಹಾಡಬೇಕಾಯಿತು. ಮಾಮ ಗಂಟಲು ಕೆಟ್ಟಿದೆ ಎಂದು ಕೆಮ್ಮಿ ಕೆಮ್ಮಿ ಪಾರಾದರು. ಗಂಡಿಗೆ ಕ್ಷಯ ಇರಬಹುದೇ ಎಂದು ಆ ಮನೆಯವರು ಎರಡು ಕಡೆ ವಿಚಾರಿಸಿದ ಮೇಲೆ ಮದುವೆ ಆಯಿತು.

ಮಾಮಿ ಮಸ್ಕತ್ತಿಗೆ ಬಂದಾಗ ನಾನು ಇನ್ನೂ ಎರಡು ಜಡೆಯ ಹುಡುಗಿ. ಮತ್ರಾದ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಮನೆಯ ಎದುರಿನ ಬಾಗಿಲೇ ಅವರದ್ದು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಅಲ್ಲಿಯೇ ಲೇಬಲ್ಲು ಕೀಳುವ ವಿದ್ಯೆ ಕಲಿತದ್ದು.

ಆದದ್ದು ಏನೆಂದರೆ, ಮಾಮನ ಹೋಟೆಲಿನ ರಸ್ತೆಯಲ್ಲೇ ಇನ್ನೊಂದು ಹೋಟೆಲು ಡಿಸ್ಕೋ ಶುರುಮಾಡಿತು. ಅಲ್ಲಿಯ ಡಿಜೆ ಗಿರಾಕಿಯ ಹಾಗೆ ಬಂದು, ಮಾಮ ರೆಕಾರ್ಡು ಹಾಕುವ ಗೂಡಿನ ಮೇಲೆ ಬಗ್ಗಿ, ತಿರುಗುತ್ತಿರುವ ರೆಕಾರ್ಡಿನ ಹೆಸರು ಓದಿಕೊಂಡು ಹೋಗುತ್ತಿದ್ದ. ಮುಂದಿನ ತಿಂಗಳು ಅದೇ ಹಾಡು ಅವನಲ್ಲೂ. ಮಾಮ ಬಾತ್‌ರೂಮಿನ ದೊಡ್ಡ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿಸಿ ರೆಕಾರ್ಡುಗಳನ್ನೆಲ್ಲ ಮುಳುಗಿಸಿದರು. ಆ ಲೇಬಲ್ಲು ಸುಲಭಕ್ಕೆ ಬಿಡುವುದಿಲ್ಲ. ಅದು ಅಂಟಿಸಿದ್ದಲ್ಲ, ಒತ್ತಿ ಕೂರಿಸಿದ್ದು. ಮಾಮಿ ಒಂದು ಮಣೆಯ ಮೇಲೆ, ನಾನು ಇನ್ನೊಂದು ಮಣೆಯ ಮೇಲೆ ಕೂತು, ಬೆರಳ ತುದಿ ಸುಕ್ಕುಗಟ್ಟುವವರೆಗೂ ಉಜ್ಜುತ್ತಿದ್ದೆವು. ಆಮೇಲೆ ಬಾಲ್ಕನಿಯಲ್ಲಿ ಹಪ್ಪಳದ ಹಾಗೆ ಸಾಲಾಗಿ ನೆರಳಿಗೆ ಒಣಗಿಸುವುದು. ಬಿಸಿಲಿಗೆ ಇಟ್ಟರೆ ಅದೂ ಹಪ್ಪಳದ ಹಾಗೆಯೇ ಸೊಟ್ಟಗಾಗುತ್ತದೆ.

"ಇನ್ನು ನಿಮ್ಗೆ ಗೊತ್ತಾಗುದು ಹೇಗೆ, ಯಾವ್ದು ಯಾವ ಹಾಡು ಅಂತ?" ಎಂದು ಮಾಮಿ ಕೇಳಿದ್ದು ನೆನಪಿದೆ.

"ನನ್ನ ಮಕ್ಕಳ ಮುಖ ನಂಗೆ ಗೊತ್ತಾಗುದಿಲ್ವಾ?" ಎಂದರು ಮಾಮ. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಗಳಲ್ಲಿ ಎಲ್ಲಿ ಕಪ್ಪು ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ ಎಂದು ನೋಡಿಯೇ ಅದು ಯಾವ ಹಾಡೆಂದು ಹೇಳುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತು ಆಗ ನನಗೆ ತಮಾಷೆಯೇ ಆಗಿತ್ತು.

ಈ ಉಜ್ಜಾಟವೆಲ್ಲ ಮುಗಿದ ಮೇಲೆ ಮಾಮಿಗೆ ಒಂದು ಆಸೆ ಹುಟ್ಟಿತು. ಇಷ್ಟೆಲ್ಲ ಮಾಡುತ್ತಾರಲ್ಲ, ಆ ಜಾಗ ಒಮ್ಮೆ ನೋಡಬೇಕು. ಡಿಸ್ಕೋ ನಡೆಯುವ ಹೊತ್ತಿಗೆ ಮಾಮಿಯನ್ನು ಅಲ್ಲಿಗೆ ಕರೆದೊಯ್ಯುವ ಪ್ರಶ್ನೆಯೇ ಇರಲಿಲ್ಲ, ಅವರೂ ಬರುವವರಲ್ಲ. ಆದ್ದರಿಂದ ಒಂದು ಮಧ್ಯಾಹ್ನ, ಗುಡಿಸುವವರು ಗುಡಿಸುತ್ತಿದ್ದಾಗ, ಮಾಮ ನಮ್ಮಿಬ್ಬರನ್ನು ಕರೆದುಕೊಂಡು ಹೋದರು. ಮಾಮಿ ಮದುವೆಯ ಮರುವಾರ ಉಟ್ಟಿದ್ದ ಹಸಿರು ಸೀರೆ ಉಟ್ಟು, ಮಲ್ಲಿಗೆ ಸಿಗದ ಊರಿನಲ್ಲಿ ಪ್ಲಾಸ್ಟಿಕ್ ಮಲ್ಲಿಗೆ ಮುಡಿದಿದ್ದರು.

ಡಿಸ್ಕೋವನ್ನು ಮಧ್ಯಾಹ್ನದ ಹೊತ್ತು ನೋಡಬಾರದು. ಟ್ಯೂಬ್‌ಲೈಟು ಹಾಕಿದ್ದರು. ಕಾರ್ಪೆಟ್ಟಿನ ತುಂಬ ಕಲೆ, ಹಳೆ ಸಿಗರೇಟಿನ ವಾಸನೆ. ಮಾಡಿನಿಂದ ಇಳಿಬಿದ್ದ ಕನ್ನಡಿ ಚೂರಿನ ಚೆಂಡು ಧೂಳು ಹಿಡಿದು ಸುಮ್ಮನಿತ್ತು. ಮಾಮಿ ಸುತ್ತ ನೋಡಿ, "ಹಾಡುವವರು ಎಲ್ಲಿ ಕೂರುದು?" ಎಂದರು. ಹಾಡುವವರು ಯಾರೂ ಇಲ್ಲ ಎಂದಾಗ ಅವರ ಮುಖ ಬಾಡಿತು. ಗೂಡಿನ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟು, ಬಸ್ಸಿಗೆ ಕಾಯುವವರಂತೆ ಕೂತರು. ನನಗೆ ಉದ್ದ ಲೋಟದಲ್ಲಿ ಕೋಲಾ ಸಿಕ್ಕಿತ್ತು, ಮೇಲೆ ಕಾಗದದ ಪುಟ್ಟ ಕೊಡೆ. ಆ ಕೊಡೆಯ ಬಣ್ಣ ಈಗಲೂ ಹೇಳಬಲ್ಲೆ, ಗುಲಾಬಿ.

ಮಾಮ ಹೊಸದಾಗಿ ಬಂದಿದ್ದ, ಆಗಲೇ ಲೇಬಲ್ಲು ಕಿತ್ತಿದ್ದ ರೆಕಾರ್ಡೊಂದನ್ನು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಮಾಮಿಯ ಚಪ್ಪಲಿ ಸ್ಟೂಲಿನ ಕಬ್ಬಿಣದ ಕಾಲಿಗೆ ಟಪ್, ಟಪ್ ಎಂದು ಬಡಿಯತೊಡಗಿತು. ಮುಖದಲ್ಲಿ ಏನೂ ಇಲ್ಲ. ಕಾಲು ಮಾತ್ರ ತನ್ನ ಪಾಡಿಗೆ. ದಾರಿಯಲ್ಲಿ ಬರುವಾಗ ಮಾಮ, "ಹೇಗಿತ್ತು?" ಎಂದು ಕೇಳಿದರು. "ತೊಂದ್ರೆ ಇಲ್ಲ," ಎಂದರು ಮಾಮಿ. ನಮ್ಮ ಕರಾವಳಿಯ ಹೆಂಗಸರ ಬಾಯಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ಮಾಮಿ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಡಿಸ್ಕೋದ ಶೋಕಿ ಮುಗಿಯಿತು. ಹೋಟೆಲಿನವರು ಅಲ್ಲಿ ಬಫೆ ಹಾಲ್ ಮಾಡಿದರು. ರೆಕಾರ್ಡುಗಳೂ ಅವನ್ನು ತಿರುಗಿಸುವ ಒಂದು ತಟ್ಟೆಯೂ ಮಾಮನ ತಗಡಿನ ಪೆಟ್ಟಿಗೆ ಸೇರಿದವು. ಮಾಮ ಬಾತಿನಾ ಕರಾವಳಿಯ ಸುವೈಕ್ ಎಂಬ ಊರಿಗೆ ಹೋಗಿ, ವೀಸಾ ಕೊಡುವ ಒಬ್ಬ ಒಳ್ಳೆಯ ಒಮಾನಿ ಕಫೀಲನ ಹೆಸರಿನಲ್ಲಿ ಕ್ಯಾಸೆಟ್ಟಿನ ಅಂಗಡಿ ಹಾಕಿದರು. ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೊಬೈಲ್ ಕವರು ಬಂತು. ಈ ನಡುವೆ ಮಾಮಿ ತೀರಿಕೊಂಡರು. ಮಾಮ ಆ ಅಂಗಡಿಯಲ್ಲೇ, ಫೋನಿಗೆ ಗಾಜು ಅಂಟಿಸುತ್ತಾ ಮುದುಕರಾದರು. ಹಳೆ ಕಫೀಲ ಸತ್ತ ಮೇಲೆ ಅವನ ಮಗ ಬಹಳ ಮರ್ಯಾದೆಯಿಂದಲೇ ಬಂದು, "ಖಲಾಸ್ ಅಂಕಲ್, ಅಂಗಡಿ ಮುಚ್ಚುತ್ತೇನೆ," ಎಂದನಂತೆ. ವೀಸಾ ಇರುವಷ್ಟು ದಿನ ಇದ್ದು ಹೋಗಲೆಂದು ಈ ವರ್ಷದ ಬೇಸಿಗೆಯ ಮೊದಲು ಮಾಮ ನಮ್ಮ ವಾದಿ ಕಬೀರಿನ ಮನೆಗೆ ಬಂದರು, ತಗಡಿನ ಪೆಟ್ಟಿಗೆಯ ಸಮೇತ.

ಅಷ್ಟು ಹೊತ್ತಿಗೆ ಕಿವಿ ಹೋಗಿತ್ತು. ವರ್ಷಾನುಗಟ್ಟಲೆ ಒಂದೇ ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದ ಪಾಪಕ್ಕೆ ಆ ಕಿವಿ ಮೊದಲು, ಆಮೇಲೆ ಇನ್ನೊಂದು. ಪೂರ್ತಿ ಅಲ್ಲ. ಡಾಕ್ಟರು ಹೇಳಿದಂತೆ ತೆಳುವಾದ ಸದ್ದೆಲ್ಲ ಹೋಗಿ ದಪ್ಪ ಸದ್ದು ಮಾತ್ರ ಉಳಿದಿದೆ, ಅದೂ ಹೆಚ್ಚು ದಿನ ಇರುವುದಿಲ್ಲ. ಕಿವಿಯ ಮಿಷನ್ ಹಾಕಿಕೊಂಡರೆ ಫ್ರಿಜ್ಜಿನ ಸದ್ದು ಮಾತ್ರ ಜೋರಾಗಿ ಕೇಳುತ್ತದೆಂದು ಅದನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾವು ಎದುರು ನಿಂತು, ತುಟಿ ಕಾಣುವಂತೆ ಗಟ್ಟಿಯಾಗಿ ಮಾತಾಡಬೇಕು.

ಬಂದ ಎರಡನೆಯ ದಿನವೇ ಪೆಟ್ಟಿಗೆ ತೆಗೆಸಿದರು. "ಮಗಾ, ಒಂದು ಕೆಲಸ ಉಂಟು," ಎಂದರು. "ಅವತ್ತು ಮಧ್ಯಾಹ್ನ ಸುಲೋಚನ ಬಂದಾಗ ಹಾಕಿದ ಪ್ಲೇಟು ಇದ್ರಲ್ಲಿ ಉಂಟು. ಈ ಕಿವಿ ಪೂರ್ತಿ ಹೋಗುವ ಮೊದ್ಲು ಒಮ್ಮೆ ಅದನ್ನು ಕೇಳ್ಬೇಕು. ಮತ್ತೆಂತ ಬೇಡ."

"ಯಾವುದು ಅದು?"

"ಅದೇ ಗೊತ್ತಿಲ್ಲ." ಅವರು ಒಂದೊಂದೇ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಪ್ಪು ತಟ್ಟೆ, ನಡುವೆ ಬೋಳು. "ನೋಡಿದ್ರೆ ಗೊತ್ತಾಗ್ತದೆ ಅಂತ ಮಾಡಿದ್ದೆ. ಮುಖವೇ ಮರ್ತು ಹೋಗಿದೆ."

"ಅವತ್ತು ಹಾಕುವಾಗ ನೋಡಿರಬೇಕಲ್ಲ ಮಾಮ?"

"ಎಲ್ಲಿ ನೋಡುದು? ನಾನು ಪ್ಲೇಟು ನೋಡ್ಲೇ ಇಲ್ಲ ಮಗಾ. ಅವಳ ಕಾಲು ನೋಡ್ತಾ ಇದ್ದೆ." ನನ್ನ ಕಡೆ ತಿರುಗಿದರು. "ನೀನೂ ಇದ್ದಿಯಲ್ಲ ಅಲ್ಲಿ. ನಿಂಗೆ ಗೊತ್ತುಂಟಲ್ಲ?"

ಕೊಡೆಯ ಬಣ್ಣ ಗೊತ್ತು, ಸೀರೆಯ ಬಣ್ಣ ಗೊತ್ತು. ಚಪ್ಪಲಿಯ ಸದ್ದು ಗೊತ್ತು. ಹಾಡು ಒಂದಕ್ಷರ ನೆನಪಿಲ್ಲ. ನೆನಪು ಎಂಬುದು ಬೇಕಾದದ್ದನ್ನು ಚೆಲ್ಲಿ ಬೇಡದ್ದನ್ನು ಕಟ್ಟಿಕೊಂಡು ಬರುವ ದಡ್ಡ ಆಳು. "ಹಾಕಿ ನೋಡುವ ಮಾಮ, ಕೇಳಿದರೆ ಗೊತ್ತಾಗಬಹುದು," ಎಂದೆ.

ತಟ್ಟೆ ತಿರುಗಿಸುವ ಬೆಲ್ಟು ಕರಗಿ ಅಂಟಾಗಿತ್ತು. ನಮ್ಮವರು ವರ್ಕ್‌ಶಾಪಿನಿಂದ ಒಂದು ರಬ್ಬರ್ ಬಳೆ ತಂದು ಹಾಕಿ, ತಟ್ಟೆಯನ್ನು ನಮ್ಮ ಮನೆಯ ಸ್ಪೀಕರಿಗೆ ಜೋಡಿಸಿಕೊಟ್ಟರು. ಮಾಮ ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟು, "ಸ್ವಲ್ಪ ಜೋರು ಓಡ್ತಾ ಉಂಟು," ಎಂದರು. ಇನ್ನೊಂದು ಬಳೆ ಬಂತು. ಆಗ ಸರಿಯಾಯಿತು. ನಮ್ಮ ಮಗಳು ನಿಧಿ ತನ್ನ ಫೋನನ್ನು ಸ್ಪೀಕರಿಗೆ ಹಿಡಿದು, ಅದು ಗುರುತಿಸಿದ ಹಾಡಿನ ಹೆಸರನ್ನು ಮಾಮನಿಗೆ ತೋರಿಸಿದಳು. "ಅಜ್ಜ, ದಿಸ್ ಒನ್?" ಮಾಮ ಕನ್ನಡಕ ಏರಿಸಿ ಓದಿ ತಲೆಯಾಡಿಸಿದರು. "ಈ ಹೆಸರೆಲ್ಲ ಅಂಗಡಿಯವರಿಗೆ ಮಗಾ. ನಾವು ಹೆಸರು ಇಟ್ಕೊಂಡವರಲ್ಲ."

ಹೆಸರು ಗೊತ್ತಾಗಿ ಏನು ಪ್ರಯೋಜನ? ಬೇಕಾದದ್ದು ಯಾವ ಹೆಸರೆಂದು ಗೊತ್ತಿರಬೇಕಲ್ಲ.

ದಿನಾ ಮಧ್ಯಾಹ್ನ ಊಟದ ಮೇಲೆ ಕೂರುವುದು. ನಾನು ಸೂಜಿ ಇಡುತ್ತಿದ್ದೆ. ಮಾಮ ಕಣ್ಣು ಮುಚ್ಚಿ ಅಂಗೈಯಲ್ಲಿ ಕೇಳುತ್ತಿದ್ದರು. ಒಂದು ಗಳಿಗೆಯಾಗುವುದರೊಳಗೆ "ಇದಲ್ಲ, ಮುಂದೆ," ಎಂದು ಕೈ ಬೀಸುತ್ತಿದ್ದರು. ಹಳೆಯ ಕೆಲಸದ ಅಭ್ಯಾಸ ಅದು. ರೆಕಾರ್ಡಿನ ತಲೆಯನ್ನು ಕೇಳಿಯೇ ತೀರ್ಮಾನ, ಬಾಲದ ತನಕ ಹೋಗಲು ಪುರುಸೊತ್ತಿಲ್ಲ. ನಾನು ಮಾಮಿಯ ಚಪ್ಪಲಿಯನ್ನು ನೆನಪಿಸಿಕೊಂಡು ಕಾಲಲ್ಲಿ ಮೆಲ್ಲಗೆ ತಾಳ ಹಾಕಿ ನೋಡುತ್ತಿದ್ದೆ, ಹೊಂದುತ್ತದೋ ಎಂದು. ಹೊಂದುತ್ತಿತ್ತು. ತೊಂದರೆ ಏನೆಂದರೆ ಎಲ್ಲದಕ್ಕೂ ಹೊಂದುತ್ತಿತ್ತು. ಡಿಸ್ಕೋ ಹಾಡೆಂದರೆ ಅದೇ ತಾನೇ, ಸಮಸಮನಾದ ಪೆಟ್ಟು, ಒಂದರ ಹಿಂದೆ ಒಂದು, ಕೊನೆಯ ತನಕ.

ನಮ್ಮವರು ಶುಕ್ರವಾರದ ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಒಳಗಿನಿಂದ ಬಂದು, "ಎಲ್ಲಾ ಒಂದ ಹಾಡ ಅದಾವಲ್ಲ ಇವು. ಧಡ್ ಧಡ್ ಧಡ್," ಎಂದರು. ಮೊದಲೆಲ್ಲ ಯಾರಾದರೂ ಹೀಗೆ ಅಂದರೆ ಮಾಮ ಕೆಂಡವಾಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಶುರುಮಾಡಿ, ಒಂದೊಂದು ಹಾಡಿಗೂ ಇರುವ ವ್ಯತ್ಯಾಸವನ್ನು ಅರ್ಧ ಗಂಟೆ ಬಿಡಿಸಿ ಹೇಳುತ್ತಿದ್ದರು. ಅವರ ಇಡೀ ಬದುಕು ಆ ವ್ಯತ್ಯಾಸದ ಮೇಲೆಯೇ ನಿಂತಿತ್ತು.

ಆ ದಿನ ನಮ್ಮವರ ತುಟಿ ಓದಿ ಅವರು ಸಿಟ್ಟಾಗಲಿಲ್ಲ. ಸ್ಪೀಕರಿನಿಂದ ಕೈ ತೆಗೆದರು.

"ಹೌದು ಅಳಿಯಂದ್ರೇ," ಎಂದರು. "ನಂಗೂ ಈಗ ಹಾಗೇ ಕೇಳುದು. ಪಿಟೀಲು ಇಲ್ಲ, ಹಾಡುವವಳು ಇಲ್ಲ, ಎಂತದೂ ಇಲ್ಲ. ಬರೀ ಧಡ್ ಧಡ್." ಮತ್ತೆ ನನ್ನನ್ನು ನೋಡಿ, "ಎಲ್ಲ ಒಂದೇ ಆಯ್ತಲ್ಲ ಮಗಾ," ಎಂದರು.

ನಮ್ಮವರು ಹೋಗಿ ಮಾಮನಿಗೆ ಚಹಾ ಮಾಡಿ ತಂದರು. ಅದಕ್ಕೆ ಸಕ್ಕರೆಯನ್ನೇ ಹಾಕಿದ್ದರು. ಮರುದಿನದಿಂದ ಮಾಮ ಪೆಟ್ಟಿಗೆ ತೆಗೆಯಲು ಹೇಳಲಿಲ್ಲ. ನಾನೇ ಎರಡು ಸಲ ಕರೆದೆ. "ಬೇಡ, ಸುಮ್ನೆ," ಎಂದರು. ವೀಸಾ ಮುಗಿಯುವ ಮೊದಲು ಊರಿಗೆ, ಪಡುಬಿದ್ರಿ ಹತ್ತಿರದ ಚಿಕ್ಕಮ್ಮನ ಮನೆಗೆ ಹೋದರು. ಚಿಕ್ಕಮ್ಮ ಅವರ ಕೊನೆಯ ತಂಗಿ. ಪೆಟ್ಟಿಗೆ ವಿಮಾನದಲ್ಲಿ ಹೋಗುವ ಭಾರದ್ದಲ್ಲ. ಒಂದಾದರೂ ತೆಗೆದುಕೊಂಡು ಹೋಗಿ ಎಂದೆ. "ಯಾವ್ದು ತಕೊಂಡು ಹೋಗುದು?" ಎಂದು ಕೇಳಿದರು.

ಅವರು ಹೋದ ಮೇಲೆ ಮನೆ ನಿಶ್ಶಬ್ದವಾಯಿತು. ಕಿವುಡರಿರುವ ಮನೆಯಲ್ಲಿ ಎಲ್ಲರೂ ಕೂಗಾಡುತ್ತಿರುತ್ತೇವಲ್ಲ, ಅವರಿಲ್ಲದಾಗ ಅದು ಗೊತ್ತಾಗುತ್ತದೆ. ಅಮ್ಮ ತೀರಿಕೊಂಡಾಗಲೂ ನನಗೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಕೂರಲಾರದೆ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಹಾಕಿದೆ. "ಮುಂದೆ" ಎನ್ನುವವರು ಯಾರೂ ಇಲ್ಲದ್ದರಿಂದ ಅದು ಓಡುತ್ತಲೇ ಹೋಯಿತು. ನಾನು ಬೇಳೆ ಆರಿಸುತ್ತಿದ್ದೆ. ಹೀಗೆಯೇ ದಿನಕ್ಕೊಂದು, ಎರಡು, ಪೂರ್ತಿ ಕೇಳುವುದು ಅಭ್ಯಾಸವಾಯಿತು.

ಹಾಗೆ ಕೇಳುತ್ತಿದ್ದಾಗ ಒಂದು ರೆಕಾರ್ಡು ನಡುವಿನಲ್ಲಿ ತಟಕ್ಕನೆ ನಿಂತುಬಿಟ್ಟಿತು. ಕೆಟ್ಟದ್ದಲ್ಲ, ಹಾಡೇ ಹಾಗೆ. ಡ್ರಮ್ಮು, ಪಿಟೀಲು, ದನಿ ಎಲ್ಲ ಒಟ್ಟಿಗೆ ನಿಂತು, ಉಸಿರು ಹಿಡಿದ ಹಾಗೆ ಖಾಲಿ. ಆ ಖಾಲಿಯಲ್ಲಿ ನನಗೆ ಟಪ್, ಟಪ್ ಎಂದು ಕೇಳಿತು. ಬೇಳೆಯ ಮೊರ ಕೆಳಗಿಟ್ಟೆ. ಅವತ್ತು ಹಾಡು ನಿಂತದ್ದು ಗೊತ್ತಾಗದೆ ಮಾಮಿಯ ಚಪ್ಪಲಿ ಮಾತ್ರ ಬಡಿಯುತ್ತಿತ್ತು, ಆ ದೊಡ್ಡ ಹಾಲಿನಲ್ಲಿ. ಗುಡಿಸುವವನು ತಿರುಗಿ ನೋಡಿದ. ಮಾಮಿ ನಾಚಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಹಾಡು ಮತ್ತೆ ಹಿಡಿಯಿತು. ಇದನ್ನು ನಾನು ಇಷ್ಟು ವರ್ಷ ಎಲ್ಲಿ ಇಟ್ಟಿದ್ದೆನೋ. ಇದೇ ಆ ರೆಕಾರ್ಡು. ನಾವಿಬ್ಬರೂ ಕೂತು ಇದರ ತಲೆಯನ್ನು ಕೇಳಿ "ಇದಲ್ಲ" ಎಂದು ಪಕ್ಕಕ್ಕಿಟ್ಟಿದ್ದೆವು.

ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಮಾಮ ಎಲ್ಲಿ ಚಿಕ್ಕಮ್ಮ? ರೆಕಾರ್ಡು ಸಿಕ್ಕಿತು. ಕೇಳಿಸಬೇಕು."

"ಅಯ್ಯೋ ಶಶಿ, ಅಣ್ಣನಿಗೆ ಎಲ್ಲಿ ಕೇಳ್ತದೆ ಈಗ," ಎಂದರು ಚಿಕ್ಕಮ್ಮ. "ನಾನು ಪಾತ್ರೆ ಬಡಿದು ಊಟಕ್ಕೆ ಕರೀಲಿಕ್ಕೆ ನೋಡ್ತೇನೆ, ಅದೂ ಇಲ್ಲ. ಇರು, ಕೊಡ್ತೇನೆ."

ಮಾಮ ಚಾವಡಿಯ ಕುರ್ಚಿಯಲ್ಲಿ ಬೈರಾಸು ಹೊದ್ದು ಕೂತಿದ್ದರು. ನಾನು "ಸಿಕ್ಕಿತು" ಎಂದು ತುಟಿ ತೆರೆದು ತೋರಿಸಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ. ಚಿಕ್ಕಮ್ಮ ಅಲ್ಲಿಯ ಫೋನನ್ನು ಅವರ ಕಿವಿಗೆ ಒತ್ತಿದರು, ಆಮೇಲೆ ಅಂಗೈಗೆ. ಮಾಮ ಇಲ್ಲವೆಂದು ತಲೆಯಾಡಿಸಿದರು. ನನಗೆ ಆಗ ಹೊಳೆಯಿತು. ಫೋನಿನಲ್ಲಿ ಹೋಗುವುದು ತೆಳು ಸದ್ದು ಮಾತ್ರ. ದಪ್ಪ ಸದ್ದು ಅದರಲ್ಲಿ ಹೋಗುವುದೇ ಇಲ್ಲ. ಅವರಿಗೆ ಉಳಿದಿದ್ದ ಒಂದೇ ಒಂದನ್ನು ನಾನು ಇಲ್ಲಿಂದ ಕಳಿಸುವ ಹಾಗಿಲ್ಲ. ಎದುರಿಗೇ ಇದ್ದಾಗ ಇದನ್ನು ಕೊನೆಯ ತನಕ ಓಡಿಸಬೇಕಿತ್ತು.

ಅಡುಗೆಮನೆಯ ಸ್ಟೂಲು ತಂದೆ. ಫೋನನ್ನು ನೆಲದ ಮೇಲೆ ನನ್ನ ಕಾಲು ಕಾಣುವ ಹಾಗೆ ಒರಗಿಸಿಟ್ಟೆ. ಸೂಜಿಯನ್ನು ಮತ್ತೆ ಮೊದಲಿಗೆ ಇಟ್ಟು, ಸ್ಟೂಲಿನ ಮೇಲೆ ಕೂತು, ಹಾಡಿಗೆ ಸರಿಯಾಗಿ ಚಪ್ಪಲಿಯಿಂದ ಸ್ಟೂಲಿನ ಕಾಲಿಗೆ ಬಡಿದೆ.

ಮಾಮ ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೆ ಮುಂದೆ ಬಾಗಿದರು. ಬೈರಾಸು ಜಾರಿತು. ಕುರ್ಚಿಯ ಕೈಯ ಮೇಲೆ ಅವರ ಬೆರಳು ನನ್ನ ಕಾಲಿನ ಜೊತೆ ಆಡತೊಡಗಿತು. "ಇದೇ," ಎಂದರು. "ಇದೇ, ಇದೇ." ಈ ತಾಳ ಪೆಟ್ಟಿಗೆಯಲ್ಲಿರುವ ಯಾವ ರೆಕಾರ್ಡಿಗೂ ಹೊಂದುತ್ತದೆ ಎಂದು ನನಗೂ ಗೊತ್ತು, ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

"ಆದ್ರೆ ಇಷ್ಟು ಜೋರು ಬಡೀಲಿಲ್ಲ ಅವಳು," ಎಂದರು ಮಾಮ, ಕಿವುಡರ ದೊಡ್ಡ ದನಿಯಲ್ಲಿ. "ಮೆಲ್ಲ ಮಗಾ. ಮೆಲ್ಲ."

ನಾನು ಮೆಲ್ಲ ಬಡಿದೆ. ಹಾಡು ಯಾವಾಗ ನಡುವೆ ನಿಂತಿತೋ, ಯಾವಾಗ ಮತ್ತೆ ಹಿಡಿಯಿತೋ, ನಾನು ಗಮನಿಸಲಿಲ್ಲ. ಅವರ ಬೆರಳನ್ನೇ ನೋಡುತ್ತಿದ್ದೆ. ರೆಕಾರ್ಡು ಮುಗಿದು ಸೂಜಿ ಒಳಗಿನ ಬೋಳು ಜಾಗಕ್ಕೆ ಬಂದು ಗೀಚತೊಡಗಿತು. ಅದು ಮುಗಿದದ್ದು ಮಾಮನಿಗೆ ಗೊತ್ತಾಗುವಂತಿರಲಿಲ್ಲ. ನಾನು ಬಡಿಯುತ್ತಲೇ ಇದ್ದೆ.